ಕಣ್ಣು ಕಲಿಸಿದ್ದು, ಕೈ ಉಳಿಸಿಕೊಂಡದ್ದು

(ಮಹಿಳಾ ವೇದಿಕೆಯ ವಾರ್ಷಿಕ ಕ್ರೀಡಾಕೂಟದ ಮುನ್ನಾದಿನ ಮಾಡಿದ ಉಪನ್ಯಾಸದ ಬರಹ ರೂಪ)

ನಾಳೆ ನಮ್ಮ ಕ್ರೀಡಾಕೂಟ. ಅದಕ್ಕೆ ಮೊದಲು ಆಟದ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಂಚಾಲಕಿಯವರು ಫೋನ್ ಮಾಡಿದಾಗ, "ಮಾತಿಗಿಂತ ಸೀಟಿ ಊದುವುದೇ ನನಗೆ ಚೆನ್ನಾಗಿ ಬರುತ್ತದೆ" ಎಂದೆ. ಅವರು ಬಿಡಲಿಲ್ಲ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು ನಾನು. ಇಲ್ಲಿಯ ಶಾಲೆಯೊಂದರಲ್ಲಿ 31 ವರ್ಷ ಪಿ.ಟಿ. ಟೀಚರ್ ಆಗಿದ್ದೆ. ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸಿದೆ. ಅವರಿಗೆ ಕಲಿಸುತ್ತ ನಾನು ಮಾಡಿದ ಒಂದು ತಪ್ಪನ್ನು ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಆ ತಪ್ಪನ್ನು ಈಗ ನಮ್ಮ ಮನೆಮನೆಗಳಲ್ಲಿ ತಾಯಂದಿರು, ಅಜ್ಜಿಯಂದಿರು ಪ್ರೀತಿಯಿಂದಲೇ ಮಾಡುತ್ತಿರುವುದನ್ನು ನೋಡುತ್ತಿದ್ದೇನೆ.

ಮೊದಲು ಒಂದು ಸಣ್ಣ ಆಟ. ಎಲ್ಲರೂ ಎದ್ದು ನಿಲ್ಲಿ. ಮಂಡಿನೋವು ಇರುವವರು, ತಲೆಸುತ್ತು ಬರುವವರು ಕುಳಿತೇ ನೋಡಿ. ಮುಂದಿರುವ ಕುರ್ಚಿಯ ಬೆನ್ನನ್ನು ಒಂದು ಕೈಯಿಂದ ಹಿಡಿದುಕೊಳ್ಳಿ, ಒಂದು ಕಾಲನ್ನು ಸ್ವಲ್ಪ ಎತ್ತಿ. ಸುಲಭ ಅಲ್ಲವೇ? ಈಗ ಕುರ್ಚಿ ಬಿಡದೆ ಕಣ್ಣು ಮುಚ್ಚಿ.

ನಗು ಕೇಳಿಸುತ್ತಿದೆ. ಕೆಲವರು ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದದ್ದೂ ಕಾಣಿಸಿತು. ಕುಳಿತುಕೊಳ್ಳಿ.

ಕಾಲು ಅದೇ, ನೆಲ ಅದೇ. ಬದಲಾದದ್ದು ಕಣ್ಣು ಮಾತ್ರ. ನಮ್ಮ ಮೈ ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ಸುದ್ದಿ ಬರುತ್ತದೆ. ಒಂದು ಕಣ್ಣಿನಿಂದ. ಎರಡನೆಯದು ಒಳಕಿವಿಯಲ್ಲಿರುವ ಸಮತೋಲನದ ಅಂಗದಿಂದ. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳಿಂದ. ಕತ್ತಲಲ್ಲೂ ತುತ್ತು ಬಾಯಿಗೇ ಹೋಗುತ್ತದೆಯಲ್ಲ, ಅದು ಈ ಮೂರನೆಯದರ ಕೆಲಸ. ಮೂರರಲ್ಲಿ ಕಣ್ಣಿನ ದನಿಯೂ ಜೋರು. 1974ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಎಂಬ ವಿಜ್ಞಾನಿಗಳು ಒಂದು ವಿಚಿತ್ರ ಕೋಣೆಯಲ್ಲಿ ಪ್ರಯೋಗ ಮಾಡಿದರು. ನೆಲ ಗಟ್ಟಿ, ಆದರೆ ಗೋಡೆಗಳನ್ನು ಹಿಂದೆ ಮುಂದೆ ಸರಿಸಬಹುದಿತ್ತು. ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ಒಳಗೆ ನಿಲ್ಲಿಸಿ ಗೋಡೆ ಸರಿಸಿದರು. ನೆಲ ಅಲುಗಾಡದಿದ್ದರೂ ಮಕ್ಕಳು ತೂಗಾಡಿದರು, ಕೆಲವರು ಬಿದ್ದೇಬಿಟ್ಟರು. ಕಾಲು ಹೇಳಿದ ಸತ್ಯಕ್ಕಿಂತ ಕಣ್ಣು ಹೇಳಿದ ಸುಳ್ಳನ್ನೇ ಮಕ್ಕಳ ಮೈ ನಂಬಿತು.

ಕಣ್ಣಿಗೆ ಇಷ್ಟು ಅಧಿಕಾರ ಇರುವುದರಿಂದಲೇ ಆಟ ಕಲಿಯುವಾಗ ಅದು ದೊಡ್ಡ ಗುರು. ಆದರೆ ಈ ಗುರುವಿಗೂ ಒಂದು ಮಿತಿ ಇದೆ.

1899ರಲ್ಲಿ ಅಮೆರಿಕದ ರಾಬರ್ಟ್ ವುಡ್‌ವರ್ತ್ ಎಂಬ ಮನಃಶಾಸ್ತ್ರಜ್ಞ ಬಹಳ ಸರಳ ಪ್ರಯೋಗವೊಂದನ್ನು ಮಾಡಿದ. ತಾಳಕ್ಕೆ ಸರಿಯಾಗಿ ಪೆನ್ಸಿಲಿನಿಂದ ಒಂದೇ ಅಳತೆಯ ಗೆರೆ ಎಳೆಯಬೇಕು. ಒಮ್ಮೆ ಕಣ್ಣು ತೆರೆದು, ಒಮ್ಮೆ ಮುಚ್ಚಿ. ತಾಳ ನಿಧಾನವಿದ್ದಾಗ ಕಣ್ಣು ತೆರೆದವರ ಗೆರೆ ಹೆಚ್ಚು ಸರಿಯಾಗಿ ಬಂತು. ತಾಳ ತೀರಾ ವೇಗವಾದಾಗ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ! ಕಣ್ಣು ತಪ್ಪನ್ನು ಕಂಡು, ಮೆದುಳಿಗೆ ತಿಳಿಸಿ, ಕೈ ತಿದ್ದಿಕೊಳ್ಳುವಷ್ಟರಲ್ಲಿ ಗೆರೆ ಮುಗಿದೇ ಹೋಗಿರುತ್ತಿತ್ತು. ರಂಗೋಲಿ ಹಾಕುವವರಿಗೆ ಇದು ಗೊತ್ತು. ನಿಧಾನವಾಗಿ ಎಳೆಯುವ ಎಳೆಯನ್ನು ಕಣ್ಣು ತಿದ್ದುತ್ತಾ ಹೋಗುತ್ತದೆ. ಸರ್ರನೆ ಎಳೆದ ಎಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಕ್ರಿಕೆಟ್ಟನ್ನೇ ನೋಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬೌಲರ್ ಕೈಬಿಟ್ಟ ಸುಮಾರು ಅರ್ಧ ಸೆಕೆಂಡಿನಲ್ಲಿ ಬ್ಯಾಟಿನ ಹತ್ತಿರ ಇರುತ್ತದೆ. ಕಂಡದ್ದಕ್ಕೆ ತಕ್ಕಂತೆ ಬ್ಯಾಟಿನ ದಾರಿ ಬದಲಿಸಲು ಸುಮಾರು 0.2 ಸೆಕೆಂಡ್ ಬೇಕು. ಅಂದರೆ ಕೊನೆಯ ಗಳಿಗೆಯಲ್ಲಿ ಚೆಂಡು ತಿರುಗಿದರೆ ಎಂಥ ದೊಡ್ಡ ಆಟಗಾರ್ತಿಯೂ ಅದನ್ನು ನೋಡಿ ತಿದ್ದಿಕೊಳ್ಳಲಾರಳು. "ಚೆಂಡಿನ ಮೇಲಿನ ಕಣ್ಣು ತೆಗೆಯಬೇಡ" ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಆದರೆ 2000ದಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಎಂಬವರು ಬ್ಯಾಟರುಗಳ ಕಣ್ಣಿನ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದಾಗ ಕಂಡದ್ದು ಬೇರೆ. ಬೌಲರ್ ಕೈಯಿಂದ ಚೆಂಡು ಹೊರಟದ್ದನ್ನು ನೋಡುತ್ತಾರೆ, ಆಮೇಲೆ ಕಣ್ಣು ಚೆಂಡನ್ನು ಬಿಟ್ಟು ಅದು ಪುಟಿಯುವ ಜಾಗಕ್ಕೆ ಮೊದಲೇ ಜಿಗಿದು ಅಲ್ಲಿ ಕಾಯುತ್ತದೆ. ಒಳ್ಳೆಯ ಬ್ಯಾಟರಿನ ಕಣ್ಣು ಬೇಗ ಜಿಗಿಯುತ್ತದೆ, ಸಾಧಾರಣ ಬ್ಯಾಟರಿನ ಕಣ್ಣು ತಡವಾಗಿ. ಪಳಗಿದವರ ಗುಟ್ಟು ಇರುವುದು ಕಣ್ಣು ಎಲ್ಲಿಗೆ, ಯಾವಾಗ ಹೋಗಬೇಕು ಎಂಬ ತಿಳಿವಿನಲ್ಲಿ.

ಲಾಂಗ್ ಜಂಪ್ ಇನ್ನೊಂದು ಒಳ್ಳೆಯ ಉದಾಹರಣೆ. 2003ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 6.70 ಮೀಟರ್ ಹಾರಿ ಕಂಚು ಗೆದ್ದ ಅಂಜು ಬಾಬ್ಬಿ ಜಾರ್ಜ್ ನೆನಪಿರಬಹುದು. ಈ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಅವರು ಈಗ ಬೆಂಗಳೂರಿನಲ್ಲಿ ನೆಲೆಸಿ ಹುಡುಗಿಯರನ್ನು ತಯಾರು ಮಾಡುತ್ತಿದ್ದಾರೆ. ಆ ಆಟದಲ್ಲಿ ಹಲಗೆಯ ಅಗಲ ಬರೀ 20 ಸೆಂಟಿಮೀಟರ್. ನಾಲ್ಕು ಬೆರಳು ಹಿಂದೆ ಬಿದ್ದರೆ ಅಷ್ಟು ದೂರ ನಷ್ಟ, ಒಂದು ಬೆರಳು ಮುಂದೆ ಹೋದರೆ ಫೌಲ್. ಪೂರ್ತಿ ವೇಗದಲ್ಲಿ ಓಡಿಬಂದು ಅಲ್ಲಿಯೇ ಕಾಲಿಡುವುದು ಹೇಗೆ? ಹೆಜ್ಜೆ ಎಣಿಸಿ ಎಣಿಸಿ ಅಭ್ಯಾಸ ಮಾಡಿಸುತ್ತಿದ್ದೆವು ನಾವು. ಗೋಡೆ ಸರಿಸಿದರಲ್ಲ, ಆ ಡೇವಿಡ್ ಲೀ ಮತ್ತು ಸಂಗಡಿಗರು 1982ರಲ್ಲಿ ಮಹಿಳಾ ಜಿಗಿತಗಾರ್ತಿಯರ ಹೆಜ್ಜೆಗಳನ್ನು ಅಳೆದರು. ಮೊದಲ ಹೆಜ್ಜೆಗಳೆಲ್ಲ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಅಳತೆ. ಆದರೂ ಚೂರು ಚೂರು ತಪ್ಪು ಕೂಡುತ್ತಾ ಬರುತ್ತದೆ. ಕೊನೆಯ ಕೆಲವೇ ಹೆಜ್ಜೆಗಳಲ್ಲಿ, ಹಲಗೆಯನ್ನು ನೋಡಿ, ಹೆಜ್ಜೆಯನ್ನು ಉದ್ದ ಅಥವಾ ಗಿಡ್ಡ ಮಾಡಿ ಆ ತಪ್ಪನ್ನು ಅಳಿಸುತ್ತಿದ್ದರು. ಮೊದಲ ಭಾಗ ಅಭ್ಯಾಸದ್ದು, ಕೊನೆಯ ಭಾಗ ಕಣ್ಣಿನದು.

ಇನ್ನು ನನ್ನ ಬಾಸ್ಕೆಟ್‌ಬಾಲ್. ಫ್ರೀ ಥ್ರೋ ಗೆರೆ ಬೋರ್ಡಿನಿಂದ 4.6 ಮೀಟರ್, ಬಳೆಯ ಎತ್ತರ 3.05 ಮೀಟರ್. ಯಾರೂ ಅಡ್ಡ ಬರುವುದಿಲ್ಲ, ಸುಮ್ಮನೆ ನಿಂತು ಎಸೆಯಬೇಕು. ಆದರೂ ದೊಡ್ಡ ದೊಡ್ಡ ಆಟಗಾರ್ತಿಯರೇ ತಪ್ಪುತ್ತಾರೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಸ್ವತಃ ಆಟ ಆಡಿ ಬೆಳೆದವರು. ಅವರು ಮಹಿಳಾ ಆಟಗಾರ್ತಿಯರ ಕಣ್ಣನ್ನು ಅಳೆದು 1996ರಲ್ಲಿ ಪ್ರಕಟಿಸಿದ್ದು ಇಷ್ಟು: ಚೆನ್ನಾಗಿ ಹಾಕುವವರು ಎಸೆಯುವ ಮೊದಲು ಬಳೆಯ ಒಂದು ಜಾಗದಲ್ಲಿ ದೃಷ್ಟಿಯನ್ನು ಹೆಚ್ಚು ಹೊತ್ತು ನೆಡುತ್ತಾರೆ. ಕೈ ಮೇಲೆದ್ದ ಮೇಲೆ ನೋಡಲೇಬೇಕು ಎಂಬ ಆತುರ ಅವರಿಗಿಲ್ಲ. ತಪ್ಪುವವರ ಕಣ್ಣು ಅಲ್ಲಿ ಇಲ್ಲಿ ಹಾರಾಡುತ್ತದೆ. ಈ ನೆಟ್ಟ ನೋಟಕ್ಕೆ ಅವರು 'ಕ್ವಯಟ್ ಐ' ಎಂದು ಹೆಸರಿಟ್ಟರು. ನಾನು ಹುಡುಗಿಯರಿಗೆ ಇದನ್ನು 'ಶಾಂತ ಕಣ್ಣು' ಎಂದು ಹೇಳಿಕೊಡುತ್ತಿದ್ದೆ.

ಕಣ್ಣು ಎಲ್ಲಿರಬೇಕು ಎಂಬ ಮಾತಿಗೆ ಬಂದಾಗ ನನಗೆ ನಮ್ಮ ಅವ್ವ ನೆನಪಾಗುತ್ತಾಳೆ. ಹತ್ತು ವರ್ಷದವಳಿದ್ದಾಗ ಜೋಳದ ರೊಟ್ಟಿ ಬಡಿಯಲು ಕುಳಿತೆ. ಬೆರಳು ಸರಿಯಾಗಿ ಬೀಳುತ್ತಿದೆಯೇ ಎಂದು ಕೈಯನ್ನೇ ನೋಡುತ್ತಿದ್ದೆ. ರೊಟ್ಟಿ ಹರಿಯಿತು. ಅವ್ವ ಒಲೆಯ ಮುಂದಿನಿಂದಲೇ ಅಂದಳು: "ಕೈ ಯಾಕ ನೋಡತೀ? ರೊಟ್ಟಿ ಅಂಚ ನೋಡು. ಕೈಗೆ ಅದರ ಕೆಲಸ ಗೊತ್ತೈತಿ." ಮುಂದೆ ಎಷ್ಟೋ ವರ್ಷದ ಮೇಲೆ ಗೇಬ್ರಿಯೆಲ್ ವುಲ್ಫ್ ಎಂಬ ಜರ್ಮನ್ ಮೂಲದ ವಿಜ್ಞಾನಿಯ ಕೆಲಸದ ಬಗ್ಗೆ ಓದಿದೆ. 1998ರಲ್ಲಿ ಅವರು ಹಿಮದ ಮೇಲೆ ಜಾರುವ ಆಟದಂಥ ಯಂತ್ರದ ಮೇಲೆ ಜನರನ್ನು ನಿಲ್ಲಿಸಿದರು. ಕೆಲವರಿಗೆ ನಿಮ್ಮ ಪಾದದ ಮೇಲೆ ಗಮನವಿಡಿ ಎಂದರು, ಕೆಲವರಿಗೆ ಪಾದದ ಕೆಳಗಿನ ಚಕ್ರಗಳ ಮೇಲೆ ಗಮನವಿಡಿ ಎಂದರು. ಅಂತರ ಅಷ್ಟೇ. ಚಕ್ರದ ಮೇಲೆ ಗಮನವಿಟ್ಟವರು ಹೆಚ್ಚು ಚೆನ್ನಾಗಿ ಕಲಿತರು. ಓದಿ ಪುಸ್ತಕ ಮುಚ್ಚಿಟ್ಟು ನಕ್ಕೆ. ಇದನ್ನೇ ಅಲ್ಲವೇ ಅವ್ವ ಹೇಳಿದ್ದು!

ಇಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪು ಮಾಡಿದೆ. ಆ ಕಥೆ ಈಗ.

ನನ್ನ ತಂಡದಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗಿ ಇದ್ದಳು. ತಂದೆ ರಿಕ್ಷಾ ಓಡಿಸುತ್ತಿದ್ದರು. ಹುಡುಗಿ ಎತ್ತರ, ಚುರುಕು, ಹೇಳಿದ್ದನ್ನು ಕೇಳುವವಳು. ಅದೇ ವರ್ಷ ನಾನು ಹೊಸದಾಗಿ ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್ ಕೊಂಡಿದ್ದೆ. ಅವಳ ಒಂದೊಂದು ಎಸೆತವನ್ನೂ ವಿಡಿಯೊ ಮಾಡಿ, ಎಸೆದ ಕೂಡಲೇ ತೋರಿಸುತ್ತಿದ್ದೆ. "ನೋಡು, ಮೊಣಕೈ ಹೊರಗೆ ಹೋಗಿದೆ. ನೋಡು, ಮಂಡಿ ಬಗ್ಗಿಲ್ಲ." ಅವಳು ತಿದ್ದಿಕೊಳ್ಳುತ್ತಿದ್ದಳು. ಎರಡು ತಿಂಗಳಲ್ಲಿ ಅಭ್ಯಾಸದಲ್ಲಿ ಹತ್ತಕ್ಕೆ ಎಂಟು ಹಾಕತೊಡಗಿದಳು. ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅಂತರಶಾಲಾ ಪಂದ್ಯ ಬಂತು. ಕೊನೆಯ ನಿಮಿಷದಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ಅವಳಿಗೆ ಎರಡು ಫ್ರೀ ಥ್ರೋ ಸಿಕ್ಕಿತು. ಮೊದಲನೆಯದು ಬಳೆಗೆ ತಾಗಿ ಹೊರಗೆ ಬಿತ್ತು. ಅವಳು ಬಳೆಯನ್ನು ನೋಡಲಿಲ್ಲ. ತಿರುಗಿ ಬೆಂಚಿನಲ್ಲಿದ್ದ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ ಗೊತ್ತಿಲ್ಲ. ಎರಡನೆಯದು ಬಳೆಗೂ ತಾಗಲಿಲ್ಲ. ಪಂದ್ಯ ಮುಗಿದ ಮೇಲೆ ಬಸ್ಸಿನಲ್ಲಿ ಅಳುತ್ತ ಅಂದಳು: "ಮ್ಯಾಡಮ್, ಮೊದಲನೆಯದು ಯಾಕೆ ಹೋಯಿತು ಅಂತ ನನಗೆ ಗೊತ್ತೇ ಆಗಲಿಲ್ಲ. ನೀವು ಹೇಳಲಿಲ್ಲವಲ್ಲ."

ಆ ಮಾತು ಎಷ್ಟೋ ರಾತ್ರಿ ನನ್ನ ನಿದ್ದೆ ಕೆಡಿಸಿತು. ತಪ್ಪು ಹುಡುಗಿಯದಲ್ಲ. ಅವಳ ಕೈ, ಭುಜ, ಪಾದ ಅವಳಿಗೆ ಏನು ಹೇಳುತ್ತಿವೆ ಎಂದು ಕೇಳಿಸಿಕೊಳ್ಳುವ ಅಗತ್ಯವೇ ಬೀಳದ ಹಾಗೆ ಮಾಡಿದವಳು ನಾನು. ಪ್ರತಿ ಸಲವೂ ಉತ್ತರ ಪರದೆಯ ಮೇಲೆ ಸಿದ್ಧವಿದ್ದಾಗ ಅವಳು ಯಾಕೆ ಒಳಗೆ ಹುಡುಕಬೇಕು?

ಆಮೇಲೆ ಓದಲು ಕುಳಿತೆ. ಕೆನಡಾದ ಲೂಕ್ ಪ್ರೋಟೊ ಮತ್ತು ಜೊತೆಗಾರರು 1987ರಲ್ಲಿ ಕೆಲವರಿಗೆ ಗುರಿ ಮುಟ್ಟುವ ಚಲನೆಯೊಂದನ್ನು ಕಣ್ಣಿನ ಸಹಾಯದಿಂದ 200 ಸಲ ಅಭ್ಯಾಸ ಮಾಡಿಸಿದರು, ಇನ್ನು ಕೆಲವರಿಗೆ 2000 ಸಲ. ಆಮೇಲೆ ಕೈ ಕಾಣದಂತೆ ಮಾಡಿದರು. 2000 ಸಲ ಮಾಡಿದವರೇ ಹೆಚ್ಚು ತಡವರಿಸಿದರು. ಕಣ್ಣಿನ ಆಸರೆಯಲ್ಲೇ ಹೆಚ್ಚು ಕಲಿತಷ್ಟೂ ಅದಿಲ್ಲದೆ ನಡೆಯುವುದು ಕಷ್ಟವಾಯಿತು. 1990ರಲ್ಲಿ ಕ್ಯಾರೊಲಿ ವಿನ್‌ಸ್ಟೀನ್ ಮತ್ತು ರಿಚರ್ಡ್ ಶ್ಮಿಟ್ ಕೈಯ ಚಲನೆಯೊಂದನ್ನು ಕಲಿಸುವಾಗ ಒಂದು ಗುಂಪಿಗೆ ಪ್ರತಿ ಸಲವೂ ಫಲಿತಾಂಶ ತೋರಿಸಿದರು, ಇನ್ನೊಂದು ಗುಂಪಿಗೆ ಅರ್ಧದಷ್ಟು ಸಲ ಮಾತ್ರ. ಮರುದಿನ ಯಾವ ಫಲಿತಾಂಶವನ್ನೂ ತೋರಿಸದೆ ಪರೀಕ್ಷಿಸಿದಾಗ ಅರ್ಧ ಸಲ ನೋಡಿದವರೇ ಮುಂದಿದ್ದರು. ಹೇಳದೆ ಬಿಟ್ಟ ಆ ಅರ್ಧದಲ್ಲಿ ಅವರು ತಮ್ಮನ್ನು ತಾವೇ ಕೇಳಿಕೊಂಡಿದ್ದರು ಎಂದು ನಾನು ಅರ್ಥ ಮಾಡಿಕೊಂಡೆ.

ನಾನು ಮೊಬೈಲನ್ನು ಬಿಸಾಡಲಿಲ್ಲ. ಬಳಸುವ ಕ್ರಮ ಬದಲಿಸಿದೆ. ಮೂರು ನಿಯಮ ಮಾಡಿಕೊಂಡೆ.

ಒಂದು: ಮೊದಲು ಹುಡುಗಿಯ ಊಹೆ, ಆಮೇಲೆ ವಿಡಿಯೊ. ಚೆಂಡು ಗಿಡ್ಡವಾಯಿತೇ, ಎಡಕ್ಕೆ ಹೋಯಿತೇ, ಯಾಕೆ ಅನ್ನಿಸುತ್ತದೆ ಎಂದು ಅವಳೇ ಹೇಳಬೇಕು. ಶುರುವಿನಲ್ಲಿ "ಗೊತ್ತಿಲ್ಲ ಮ್ಯಾಡಮ್" ಎನ್ನುತ್ತಿದ್ದಳು. ಒಂದು ತಿಂಗಳಲ್ಲಿ "ಕಾಲು ನೂಕಲಿಲ್ಲ, ಬರೀ ಕೈಯಿಂದ ಎಸೆದೆ" ಎನ್ನತೊಡಗಿದಳು. ವಿಡಿಯೊ ನೋಡಿದರೆ ಅವಳ ಮಾತೇ ಸರಿ.

ಎರಡು: ನೋಡಬೇಕೋ ಬೇಡವೋ ಎಂದು ಕೇಳುವವಳು ಅವಳೇ. ನಾನಾಗಿ ತೋರಿಸುವುದಿಲ್ಲ. ಹೀಗೆ ಕಲಿಯುವವರ ಕೈಗೇ ಆಯ್ಕೆ ಕೊಟ್ಟಾಗ ಕಲಿಕೆ ಗಟ್ಟಿಯಾಗುತ್ತದೆ ಎಂಬುದನ್ನು ಸಂಶೋಧನೆಗಳೂ ತೋರಿಸಿವೆ.

ಮೂರು: ತಪ್ಪಿದ್ದನ್ನಷ್ಟೇ ಅಲ್ಲ, ಸರಿಯಾಗಿ ಬಂದದ್ದನ್ನೂ ತೋರಿಸುವುದು. ಆಯ್ಕೆ ತಮ್ಮದಾದಾಗ ಕಲಿಯುವವರು ಹೆಚ್ಚಾಗಿ ಚೆನ್ನಾಗಿ ಮಾಡಿದ ಸಲದ ಫಲಿತಾಂಶವನ್ನೇ ಕೇಳುತ್ತಾರೆ ಎಂದು 2002ರಲ್ಲಿ ಸುಝೆಟೆ ಚಿವಿಯಕೋವ್ಸ್ಕಿ ಮತ್ತು ವುಲ್ಫ್ ಬರೆದಿದ್ದಾರೆ. ನಾನೋ, ಎರಡು ತಿಂಗಳು ಆ ಮಗುವಿಗೆ ಅವಳ ತಪ್ಪುಗಳ ಸಿನಿಮಾ ತೋರಿಸಿದ್ದೆ.

ಮರುವರ್ಷ ಅವಳು ಚಾಂಪಿಯನ್ ಆದಳು ಎಂದು ಹೇಳಿದರೆ ಕಥೆ ಚಂದವಾಗುತ್ತಿತ್ತು. ಹಾಗಾಗಲಿಲ್ಲ, ಸೆಮಿಫೈನಲಿನಲ್ಲಿ ಸೋತೆವು. ಆದರೆ ಆ ಪಂದ್ಯದಲ್ಲಿ ಅವಳ ಒಂದು ಫ್ರೀ ಥ್ರೋ ತಪ್ಪಿದಾಗ ಅವಳು ನನ್ನ ಕಡೆ ತಿರುಗಲಿಲ್ಲ. ಚೆಂಡನ್ನು ಎರಡು ಸಲ ಪುಟಿಸಿ, ಮಂಡಿಯನ್ನು ತುಸು ಬಗ್ಗಿಸಿ ನೋಡಿಕೊಂಡು, ಬಳೆಯಲ್ಲಿ ಕಣ್ಣು ನೆಟ್ಟು, ಎರಡನೆಯದನ್ನು ಹಾಕಿದಳು. ಬೆಂಚಿನಲ್ಲಿ ಕುಳಿತ ನನ್ನ ಕಣ್ಣಲ್ಲಿ ನೀರು. ಅವಳಿಗೆ ನಾನು ಬೇಡವಾಗಿದ್ದೆ. 31 ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಸಂಬಳ ಅದು.

ಕಣ್ಣೇ ಇಲ್ಲದಿದ್ದರೆ ಆಟ ಏನಾಗುತ್ತದೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಕರ್ನಾಟಕದಲ್ಲೇ ಇದೆ. ಅಂಧರ ಕ್ರಿಕೆಟ್‌ನಲ್ಲಿ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಸಣ್ಣ ಲೋಹದ ಗುಂಡುಗಳಿದ್ದು ಗಲಗಲ ಎನ್ನುತ್ತದೆ. ಕೈಯನ್ನು ಕೆಳಗಿನಿಂದ ಬೀಸಿ ಬೌಲಿಂಗ್ ಮಾಡುತ್ತಾರೆ. ಬೌಲರ್ "ರೆಡಿ?" ಎಂದು ಕೇಳಬೇಕು, ಬ್ಯಾಟರ್ "ಯೆಸ್" ಎನ್ನಬೇಕು, "ಪ್ಲೇ" ಎಂದು ಕೂಗಿ ಚೆಂಡು ಬಿಡಬೇಕು. ಪೂರ್ತಿ ಕಾಣದವರು ಹೊಡೆದ ರನ್ನು ಎರಡು ಪಟ್ಟು ಲೆಕ್ಕ. ಶಿವಮೊಗ್ಗ ಕಡೆಯ ಶೇಖರ್ ನಾಯಕ್ ನಾಯಕತ್ವದಲ್ಲಿ ಭಾರತ 2012ರ ಟಿ-20 ವಿಶ್ವಕಪ್ಪನ್ನೂ 2014ರ ಏಕದಿನ ವಿಶ್ವಕಪ್ಪನ್ನೂ ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನು ಗೆದ್ದ ಭಾರತ ತಂಡದ ನಾಯಕಿ ಕೂಡ ಕರ್ನಾಟಕದ ಹುಡುಗಿ, ದೀಪಿಕಾ ಟಿ.ಸಿ. ಕಣ್ಣು ಕೊಡದ ಸುದ್ದಿಯನ್ನು ಅವರ ಆಟದಲ್ಲಿ ಕಿವಿ ಕೊಡುತ್ತದೆ, ಅಂಗೈ ಕೊಡುತ್ತದೆ. ಆಟಕ್ಕೆ ಬೇಕಾದದ್ದು ಸುದ್ದಿ. ಅದನ್ನು ತರುವ ದಾರಿ ಒಂದೇ ಅಲ್ಲ.

ಆಟ ಆಡುವ ವಯಸ್ಸು ನಮಗೆಲ್ಲಿದೆ ಎನ್ನುವವರಿಗೂ ಒಂದು ಮಾತು. ನನ್ನ ಅವ್ವ ಮೂರು ವರ್ಷದ ಹಿಂದೆ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಲೈಟು ಹಾಕಿದರೆ ನಮ್ಮ ನಿದ್ದೆ ಕೆಡುತ್ತದೆ ಎಂದು ಕತ್ತಲಲ್ಲೇ ಎದ್ದಿದ್ದಳು. ವಯಸ್ಸಾದಂತೆ ಪಾದದ ಸುದ್ದಿ, ಒಳಕಿವಿಯ ಸುದ್ದಿ ಮಂದವಾಗಿ ನಾವು ಕಣ್ಣನ್ನೇ ಹೆಚ್ಚು ನಂಬಿ ನಿಲ್ಲುತ್ತೇವೆ. ಹಾಗಾಗಿ ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಸಣ್ಣ ರಾತ್ರಿದೀಪ ಇಡಿ. ಓದಲು ಮತ್ತು ದೂರ ನೋಡಲು ಒಂದೇ ಕನ್ನಡಕ ಹಾಕುವವರು ಮೆಟ್ಟಿಲು ಇಳಿಯುವಾಗ ಜೋಪಾನ, ಕೆಳಭಾಗದ ಗಾಜಿನಲ್ಲಿ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ದಿನಕ್ಕೆ ಒಂದೆರಡು ನಿಮಿಷ ಅಡುಗೆಕಟ್ಟೆ ಹಿಡಿದು ಒಂದು ಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿ. ಅದೂ ಒಂದು ಆಟವೇ.

ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ. ರೊಟ್ಟಿ ಬಡಿಯುವವಳು ನಾನು. ಒಳಗಿನ ಕೋಣೆಯಲ್ಲಿ ಮಲಗಿದ್ದರೂ ಸಪ್ಪಳ ಕೇಳಿಯೇ, "ಅಂಚು ದಪ್ಪ ಆತ ನೋಡು" ಎನ್ನುತ್ತಾಳೆ. ಹೋಗಿ ನೋಡಿದರೆ ಹೌದು, ದಪ್ಪವೇ ಆಗಿರುತ್ತದೆ. ಎಪ್ಪತ್ತು ವರ್ಷ ಕಣ್ಣಿನಿಂದ ಕಲಿತದ್ದು ಈಗ ಕಿವಿಯಲ್ಲಿ ಕುಳಿತಿದೆ.

ನಾಳೆ ಮಕ್ಕಳ ಓಟ ಇದೆ, ನಿಂಬೆಹಣ್ಣು-ಚಮಚ ಇದೆ, ನಮ್ಮ ಥ್ರೋಬಾಲ್ ಇದೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುತ್ತದೆ. ವಿಡಿಯೊ ಧಾರಾಳವಾಗಿ ಮಾಡಿ, ಊರಿನಲ್ಲಿರುವ ಅಜ್ಜ-ಅಜ್ಜಿಗೆ ಕಳಿಸಿ. ಆದರೆ ಮಗು ಏದುಸಿರು ಬಿಡುತ್ತ ನಿಮ್ಮ ಹತ್ತಿರ ಓಡಿ ಬಂದಾಗ, ಪರದೆ ತೋರಿಸುವ ಮೊದಲು, "ಇಲ್ಲಿ ತಪ್ಪಿದೆ ನೋಡು" ಎನ್ನುವ ಮೊದಲು, ಒಂದೇ ಒಂದು ಪ್ರಶ್ನೆ ಕೇಳಿ: "ನಿನಗೆ ಹೇಗನ್ನಿಸಿತು?" ಕೇಳಿ ಸುಮ್ಮನಿರಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲೇ ಮಗು ಕಲಿಯುತ್ತಿರುತ್ತದೆ.

ನಾಳೆ ಬೆಳಿಗ್ಗೆ ಮೈದಾನದಲ್ಲಿ ಸಿಗೋಣ. ಸೀಟಿ ನನ್ನ ಹತ್ತಿರವೇ ಇರುತ್ತದೆ.